ಲ್ಯಾಬಿನ ನಿಯಮಗಳು ಯಾಕೆ ಹಾಗಿವೆ?

ಬನ್ಸನ್ ಬರ್ನರ್ ಗೊತ್ತಿಲ್ಲದ ವಿಜ್ಞಾನದ ವಿದ್ಯಾರ್ಥಿ ಇಲ್ಲ. ಆದರೆ ರಾಬರ್ಟ್ ಬನ್ಸನ್ ಅವರಿಗೆ ಬಲಗಣ್ಣು ಕಾಣುತ್ತಿರಲಿಲ್ಲ ಅನ್ನುವುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಆರ್ಸೆನಿಕ್ ಇರುವ ಒಂದು ಸಂಯುಕ್ತದ ಜೊತೆ ಕೆಲಸ ಮಾಡುವಾಗ ಅದು ಸಿಡಿದು ಆ ಕಣ್ಣು ಹೋಯಿತು. ಹಂಫ್ರಿ ಡೇವಿ ಅವರಿಗೂ 1812ರಲ್ಲಿ ಹೀಗೇ ಆಯಿತು. ನೈಟ್ರೋಜನ್ ಟ್ರೈಕ್ಲೋರೈಡ್ ಸಿಡಿದು ಕಣ್ಣಿಗೆ ಪೆಟ್ಟು ಬಿತ್ತು. ಬರೆಯುವುದಕ್ಕೆ ಕಷ್ಟವಾಗಿ ಒಬ್ಬ ಯುವಕನ ನೆರವು ತೆಗೆದುಕೊಂಡರು. ಆ ಯುವಕನೇ ಮುಂದೆ ದೊಡ್ಡ ವಿಜ್ಞಾನಿಯಾದ ಮೈಕಲ್ ಫ್ಯಾರಡೆ. ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕಾರ್ಲ್ ಷೀಲೆ ಅವರಿಗೆ ತಾವು ತಯಾರಿಸಿದ ವಸ್ತುಗಳ ರುಚಿ ನೋಡುವ ಅಭ್ಯಾಸ ಇತ್ತು. 1786ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು.

ಇವರು ಯಾರೂ ದಡ್ಡರಲ್ಲ. ಅವರ ಕಾಲದಲ್ಲಿ ಲ್ಯಾಬಿನ ಗೋಡೆಯ ಮೇಲೆ ನಿಯಮಗಳ ಪಟ್ಟಿ ಇರಲಿಲ್ಲ, ಅಷ್ಟೇ. ಈಗ ಪಟ್ಟಿ ಇದೆ. ಕನ್ನಡಕ ಹಾಕಿ, ಕೂದಲು ಕಟ್ಟಿ, ರುಚಿ ನೋಡಬೇಡಿ, ಓಡಬೇಡಿ. ಆದರೆ ಪಟ್ಟಿಯಲ್ಲಿ ಕಾರಣ ಬರೆದಿರುವುದಿಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಬಹುದು, ಕೈಗೆ ಇಳಿಯುವುದಿಲ್ಲ. ಇನ್ನೊಂದು ತೊಂದರೆ ಇದೆ. ಪಟ್ಟಿ ಎಷ್ಟೇ ಉದ್ದ ಇದ್ದರೂ ಅದರಲ್ಲಿ ಇಲ್ಲದ ಸಂದರ್ಭ ಒಂದಲ್ಲ ಒಂದು ದಿನ ಎದುರಾಗುತ್ತದೆ. ಆಗ ಕೈ ಹಿಡಿಯುವುದು ಕಾರಣ ಮಾತ್ರ. ಆ ಕಾರಣಗಳೂ ನಾವು ಅದೇ ಲ್ಯಾಬಿನಲ್ಲಿ ಕಲಿಯುವ ರಸಾಯನಶಾಸ್ತ್ರ, ಭೌತಶಾಸ್ತ್ರವೇ. ಹೊರಗಿನಿಂದ ಬಂದ ಶಿಸ್ತಲ್ಲ.

ಕನ್ನಡಕ ಕೊನೆಯ ಸಾಲಿನ ಕಾವಲು

ಮುಚ್ಚಳ ಹಾಕಿದ ಬಾಟಲಿಯೊಳಗಿನ ಆಮ್ಲ ಯಾರಿಗೂ ಏನೂ ಮಾಡುವುದಿಲ್ಲ. ಅದರ ಒಂದು ಹನಿ ಕಣ್ಣಿಗೆ ಬಿದ್ದರೆ ಬದುಕೇ ಬದಲಾಗುತ್ತದೆ. ಎರಡೂ ಕಡೆ ಇರುವುದು ಅದೇ ಆಮ್ಲ. ಹಾಗಾಗಿ ವಸ್ತು ಎಷ್ಟು ಕೆಟ್ಟದ್ದು ಅನ್ನುವುದು ಒಂದು ಪ್ರಶ್ನೆ, ಅದು ನಮ್ಮನ್ನು ಮುಟ್ಟುವ ಸಂಭವ ಎಷ್ಟು ಅನ್ನುವುದು ಇನ್ನೊಂದು ಪ್ರಶ್ನೆ. ಸುರಕ್ಷತೆಯ ಕೆಲಸ ಎರಡನ್ನೂ ತಗ್ಗಿಸುವುದು.

ಇದಕ್ಕೊಂದು ಕ್ರಮ ಇದೆ. ಮೊದಲು ಕೇಳಬೇಕಾದದ್ದು, ಈ ವಸ್ತು ಬೇಕೇ ಬೇಕಾ? ಬೇಡವಾದರೆ ಬಿಟ್ಟುಬಿಡಬೇಕು. ಬೇಕಾದರೆ ಇದಕ್ಕಿಂತ ಸೌಮ್ಯವಾದದ್ದು ಸಾಲುತ್ತದಾ ನೋಡಬೇಕು. ಆಮ್ಲದ ಜೊತೆ ಲೋಹದ ಕ್ರಿಯೆ ತೋರಿಸಲು ಸಾರರಿಕ್ತ, ಅಂದರೆ ನೀರು ಬೆರೆಸಿ ತೆಳುಮಾಡಿದ ಆಮ್ಲ ಧಾರಾಳವಾಗಿ ಸಾಕು, ಸಾರೀಕೃತ, ಅಂದರೆ ಗಾಢವಾದ ಆಮ್ಲದ ಬಾಟಲಿ ಮೇಜಿನ ಮೇಲೆ ಬರುವ ಅಗತ್ಯವೇ ಇಲ್ಲ. ಆಮೇಲೆ ಪ್ರಮಾಣ. ಐದು ಮಿಲಿಲೀಟರ್‌ನಲ್ಲಿ ಕಾಣುವ ಬಣ್ಣಕ್ಕೆ ಐವತ್ತು ಯಾಕೆ? ಪ್ರಮಾಣ ಹತ್ತರಲ್ಲೊಂದು ಪಾಲಾದರೆ ಹುಟ್ಟುವ ಶಾಖ, ಅನಿಲ, ಕಸ ಎಲ್ಲವೂ ಹತ್ತರಲ್ಲೊಂದು ಪಾಲಾಗುತ್ತವೆ. ಆಮೇಲೆ ಗಾಳಿ ಎಳೆದು ಹೊರಹಾಕುವ ಫ್ಯೂಮ್ ಹುಡ್, ಆಮೇಲೆ ಕೆಲಸ ಮಾಡುವ ವಿಧಾನ. ಕನ್ನಡಕ, ಕೋಟು, ಗ್ಲೌಸ್ ಬರುವುದು ಕೊಟ್ಟಕೊನೆಗೆ. ಬೇರೆಲ್ಲವೂ ಕೈಕೊಟ್ಟಾಗ ಅವು ಕೆಲಸಕ್ಕೆ ಬರುತ್ತವೆ.

ಶಾಲೆಗಳಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಬಿಳಿ ಕೋಟು ಹಾಕಿದರೆ ಸುರಕ್ಷತೆ ಮುಗಿಯಿತು ಅಂದುಕೊಳ್ಳುತ್ತಾರೆ. ಕೋಟು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅದೊಂದು ಕಾರಣ ಇರಬೇಕು.

ಹಾಗಂತ ಕನ್ನಡಕ ಬೇಡ ಅಂತ ಅಲ್ಲ. ಲ್ಯಾಬಿನಲ್ಲಿ ಒಂದೇ ಒಂದು ನಿಯಮ ಇಟ್ಟುಕೊಳ್ಳಲು ಬಿಟ್ಟರೆ ನಾನು ಆರಿಸುವುದು ಅದನ್ನೇ. ಕೈ ಸುಟ್ಟರೆ ಬಹಳ ಸಲ ಚರ್ಮ ಮತ್ತೆ ಬೆಳೆಯುತ್ತದೆ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಅರ್ಧ ಮಿಲಿಮೀಟರ್‌ನಷ್ಟು ದಪ್ಪ ಮಾತ್ರ. ಅದಕ್ಕೆ ಕಲೆ ಬಿದ್ದರೆ ಬೆಳಕು ಒಳಗೆ ಹೋಗುವ ದಾರಿಯೇ ಮಂಜಾಗುತ್ತದೆ. ಓದುವ ಕನ್ನಡಕ ಇದೆಯಲ್ಲ ಅನ್ನಬೇಡಿ, ಅದರ ಪಕ್ಕಗಳು ತೆರೆದೇ ಇರುತ್ತವೆ. ಅದರ ಮೇಲೇ ಸೇಫ್ಟಿ ಗಾಗಲ್ಸ್ ಹಾಕಬೇಕು. ನಿಮ್ಮ ಪ್ರಯೋಗ ಮುಗಿದ ಕೂಡಲೇ ತೆಗೆಯಬಾರದು. ಪಕ್ಕದ ಮೇಜಿನವರ ಪ್ರಯೋಗ ಇನ್ನೂ ನಡೆಯುತ್ತಿರುತ್ತದೆ, ಅಲ್ವಾ?

ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ

ಎಲ್ಲರಿಗೂ ಗೊತ್ತಿರುವ ನಿಯಮ ಇದು. ಯಾಕೆ ಅಂತ ಕೇಳಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. "ಬಿಸಿ ಆಗುತ್ತದೆ" ಅನ್ನುತ್ತಾರೆ. ಆದರೆ ಯಾವುದನ್ನು ಯಾವುದಕ್ಕೆ ಸುರಿದರೂ ಕೊನೆಗೆ ಹುಟ್ಟುವ ಒಟ್ಟು ಶಾಖ ಒಂದೇ. ಹಾಗಾದರೆ ಕ್ರಮದಲ್ಲಿ ಏನಿದೆ?

ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಭಾರ. ಒಂದು ಮಿಲಿಲೀಟರ್ ಸುಮಾರು 1.84 ಗ್ರಾಂ ತೂಗುತ್ತದೆ, ನೀರು 1 ಗ್ರಾಂ. ಆಮ್ಲದ ಮೇಲೆ ನೀರು ಸುರಿದರೆ ಹಗುರವಾದ ನೀರು ಮೇಲೆಯೇ ತೆಳ್ಳಗೆ ನಿಲ್ಲುತ್ತದೆ. ಎರಡೂ ಸೇರುವ ಜಾಗದಲ್ಲಿ ಶಾಖ ಹುಟ್ಟುತ್ತದೆ. ಅಷ್ಟೂ ಶಾಖ ಆ ತೆಳ್ಳನೆಯ ನೀರಿಗೇ ಹೋಗುತ್ತದೆ. ನೀರು ಅಲ್ಲೇ ಕುದಿದು ಆವಿಯಾಗಿ ಚಿಮ್ಮುತ್ತದೆ, ಜೊತೆಗೆ ಬಿಸಿ ಆಮ್ಲವನ್ನೂ ಮುಖಕ್ಕೆ ಎರಚುತ್ತದೆ. ತಿರುವುಮುರುವು ಮಾಡಿದರೆ ಭಾರವಾದ ಆಮ್ಲ ನೀರೊಳಗೆ ಇಳಿಯುತ್ತಾ ಬೆರೆಯುತ್ತದೆ. ಸುತ್ತ ಇರುವ ಜಾಸ್ತಿ ನೀರು ಶಾಖವನ್ನು ಹಂಚಿಕೊಳ್ಳುತ್ತದೆ. ಚಿಮ್ಮಿದರೂ ಚಿಮ್ಮುವುದು ಹೆಚ್ಚಾಗಿ ನೀರು.

ಕಾರಣ ತಿಳಿದರೆ ಪಟ್ಟಿಯಲ್ಲಿ ಇಲ್ಲದ ವಿವರಗಳು ತಾವಾಗಿಯೇ ಹೊಳೆಯುತ್ತವೆ. ನೀರಿಗೇ ಆಮ್ಲ ಹಾಕಿದರೂ ಒಮ್ಮೆಲೇ ಸುರಿಯಬಾರದು. ಬೀಕರಿನ ಗೋಡೆ ಹಿಡಿದು ಸಣ್ಣಗೆ ಬಿಡಬೇಕು, ಗಾಜಿನ ಕಡ್ಡಿಯಿಂದ ಕಲಕುತ್ತಲೇ ಇರಬೇಕು. ಕಲಕದಿದ್ದರೆ ಆಮ್ಲ ತಳಕ್ಕೆ ಹೋಗಿ ಕೂತಿರುತ್ತದೆ, ಆಮೇಲೆ ಒಮ್ಮೆ ಅಲುಗಾಡಿಸಿದಾಗ ಎಲ್ಲ ಶಾಖವೂ ಒಟ್ಟಿಗೇ ಹೊರಬರುತ್ತದೆ. ದಪ್ಪ ಗಾಜಿನ ಅಳತೆ ಜಾಡಿಯಲ್ಲಿ ಇದನ್ನು ಮಾಡಬಾರದು, ಶಾಖಕ್ಕೆ ಸೀಳಬಹುದು. ಸೋಡಿಯಂ ಹೈಡ್ರಾಕ್ಸೈಡ್ ಹರಳುಗಳನ್ನು ಕರಗಿಸುವಾಗಲೂ ಇದೇ ಎಚ್ಚರ ಬೇಕು. ಅದು ಆಮ್ಲ ಅಲ್ಲ, ಆದರೂ ನೀರು ಚೆನ್ನಾಗಿ ಬಿಸಿಯಾಗುತ್ತದೆ.

ಸೋಡಿಯಂ ಹೈಡ್ರಾಕ್ಸೈಡ್ ಬಗ್ಗೆ ಇನ್ನೂ ಎರಡು ಮಾತು. ಆಮ್ಲ ಅಂದರೆ ಹೆದರುವ ನಾವು ಪ್ರತ್ಯಾಮ್ಲವನ್ನು ಸಾಧು ಅಂದುಕೊಳ್ಳುತ್ತೇವೆ. ನಿಜ ಬೇರೆಯೇ ಇದೆ. ಆಮ್ಲ ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ, ಆ ಹೆಪ್ಪೇ ಸ್ವಲ್ಪ ಮಟ್ಟಿಗೆ ಅಡ್ಡ ನಿಲ್ಲುತ್ತದೆ. ಪ್ರಬಲ ಪ್ರತ್ಯಾಮ್ಲ ಹಾಗಲ್ಲ. ಅದು ಪ್ರೋಟೀನನ್ನು ಕರಗಿಸುತ್ತದೆ, ಕೊಬ್ಬನ್ನು ಸಾಬೂನಾಗಿ ಮಾಡುತ್ತದೆ, ಹಾಗೇ ಒಳಗೊಳಗೆ ಇಳಿಯುತ್ತಾ ಹೋಗುತ್ತದೆ. ಬೆರಳಿಗೆ ತಾಗಿದಾಗ ಜಾರುತ್ತದಲ್ಲ, ಆ ಜಾರಿಕೆಗೆ ಒಂದು ಕಾರಣ ನಮ್ಮದೇ ಚರ್ಮದ ಜಿಡ್ಡು ಸಾಬೂನಾಗುತ್ತಿರುವುದು. ಮೊದಮೊದಲು ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ಕಣ್ಣಿಗಂತೂ ಆಮ್ಲಕ್ಕಿಂತ ಪ್ರತ್ಯಾಮ್ಲವೇ ಹೆಚ್ಚು ಅಪಾಯ.

ಎರಡರಲ್ಲಿ ಯಾವುದು ಬಿದ್ದರೂ ಮದ್ದು ಒಂದೇ: ನೀರು, ಬೇಕಾದಷ್ಟು ನೀರು, ಕೂಡಲೇ. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹರಿಸುತ್ತಲೇ ಇರಬೇಕು. 15 ನಿಮಿಷ ಅನ್ನುವುದು ಹೇಳಲು ಸುಲಭ, ನಿಲ್ಲಲು ಕಷ್ಟ. ಎರಡು ನಿಮಿಷಕ್ಕೆ ಉರಿ ಕಡಿಮೆಯಾದ ಹಾಗೆ ಅನ್ನಿಸಿ ನಿಲ್ಲಿಸಿಬಿಡುತ್ತಾರೆ. ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡುತ್ತಾ ನಿಂತಿರಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಬೇಕು, ತೆಗೆಯುವುದಕ್ಕೋಸ್ಕರ ತೊಳೆಯುವುದನ್ನು ತಡಮಾಡಬಾರದು. ಆಮೇಲೆ ಕಣ್ಣಿನ ವೈದ್ಯರ ಹತ್ತಿರ ಹೋಗಲೇಬೇಕು, ನೋವು ಇಲ್ಲದಿದ್ದರೂ.

ಮೈಮೇಲೆ ಬಿದ್ದ ಆಮ್ಲಕ್ಕೆ ಪ್ರತ್ಯಾಮ್ಲ ಹಚ್ಚಿ "ತಟಸ್ಥ" ಮಾಡುವ ಬುದ್ಧಿವಂತಿಕೆ ಬೇಡ. ತಟಸ್ಥೀಕರಣವೇ ಶಾಖ ಬಿಡುವ ಕ್ರಿಯೆ. ಸುಟ್ಟ ಜಾಗವನ್ನು ಮತ್ತೊಮ್ಮೆ ಸುಟ್ಟಂತಾಗುತ್ತದೆ. ಹುಡುಕಾಡುವುದರಲ್ಲಿ ಹೋಗುವ ಸಮಯ ಬೇರೆ. ಬಟ್ಟೆಗೆ ಆಮ್ಲ ನೆನೆದಿದ್ದರೆ ಆ ಬಟ್ಟೆ ತೆಗೆಯಲೇಬೇಕು. ಇಲ್ಲಿ ನಾಚಿಕೆ ದೊಡ್ಡ ಶತ್ರು. ಉಳಿದವರನ್ನು ಹೊರಗೆ ಕಳಿಸಿ, ಒಂದು ಬಟ್ಟೆ ಅಡ್ಡ ಹಿಡಿದು ದಾರಿ ಮಾಡಿಕೊಡುವುದು ಶಿಕ್ಷಕರ ಕೆಲಸ.

ಉರಿಯುವುದು ದ್ರವ ಅಲ್ಲ, ಆವಿ

ಬೆಂಕಿಯ ವಿಷಯದಲ್ಲಿ ಒಂದು ಸಂಗತಿ ಮನಸ್ಸಲ್ಲಿ ಕೂತರೆ ಅರ್ಧ ಅಪಘಾತ ತಪ್ಪುತ್ತದೆ. ಸ್ಪಿರಿಟ್ ಉರಿಯುವಾಗ ಉರಿಯುವುದು ಅದರ ಮೇಲಿನ ಆವಿ. ಎಷ್ಟು ಬಿಸಿಗೆ ಹತ್ತಿಕೊಳ್ಳುವಷ್ಟು ಆವಿ ಏಳುತ್ತದೆ ಅನ್ನುವುದಕ್ಕೆ ಪ್ರತಿ ದ್ರವಕ್ಕೂ ಒಂದು ಮಿತಿ ಇದೆ. ಸ್ಪಿರಿಟ್‌ನಲ್ಲಿ ಮುಖ್ಯವಾಗಿ ಇರುವ ಆಲ್ಕೊಹಾಲ್ ಎಥನಾಲ್. ಶುದ್ಧ ಎಥನಾಲ್‌ಗೆ ಆ ಮಿತಿ ಸುಮಾರು 13 ಡಿಗ್ರಿ ಸೆಲ್ಸಿಯಸ್. ಅಸಿಟೋನ್‌ಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಅಂದರೆ ಮಾಮೂಲಿ ಕೋಣೆಯಲ್ಲಿ, ಮುಚ್ಚಳ ತೆಗೆದಿಟ್ಟ ಸ್ಪಿರಿಟ್ ಬಾಟಲಿಯ ಬಾಯಲ್ಲಿ ಹತ್ತಿಕೊಳ್ಳಲು ಸಿದ್ಧವಾದ ಆವಿ ಸದಾ ಇರುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಮೇಜಿನ ಮೇಲೆ ಹರಡುತ್ತದೆ. ಬಾಟಲಿಯಿಂದ ಸಾಕಷ್ಟು ದೂರದಲ್ಲಿರುವ ಜ್ವಾಲೆಯನ್ನು ಮುಟ್ಟಿ, ಬೆಂಕಿಯನ್ನು ಹಿಂದಕ್ಕೆ ಬಾಟಲಿಯವರೆಗೆ ಎಳೆದು ತರಬಲ್ಲದು.

ಆದ್ದರಿಂದಲೇ ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ತುಂಬಬಾರದು. ಒಂದು ದೀಪದಿಂದ ಇನ್ನೊಂದನ್ನು ಬಾಗಿಸಿ ಹಚ್ಚಬಾರದು. ಊದಿ ಆರಿಸಬಾರದು, ಮುಚ್ಚಳ ಹಾಕಿ ಆರಿಸಬೇಕು. ಎಲೆಯ ಹಸಿರು ತೆಗೆಯಲು ಆಲ್ಕೊಹಾಲಿನಲ್ಲಿ ಕುದಿಸುವ ಪ್ರಯೋಗ ಎಲ್ಲ ಶಾಲೆಯಲ್ಲೂ ಇದೆ. ಅಲ್ಲಿ ಆಲ್ಕೊಹಾಲಿನ ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸುವುದೂ ಇದಕ್ಕೇ. ನೀರು ಬಿಸಿಯಾದ ಮೇಲೆ ಬರ್ನರ್ ಆರಿಸಿ, ಆಮೇಲೆ ಆಲ್ಕೊಹಾಲ್ ತರಬೇಕು. ಎಥನಾಲ್ ಕುದಿಯುವುದು 78 ಡಿಗ್ರಿಗೆ. ಕುದಿಸಿಟ್ಟ ನೀರು ಅಷ್ಟನ್ನು ಬೆಂಕಿಯಿಲ್ಲದೆಯೇ ಮಾಡಿಕೊಡುತ್ತದೆ.

ಮೆಥನಾಲ್ ಅನ್ನುವ ಇನ್ನೊಂದು ಆಲ್ಕೊಹಾಲಿನ ಕಥೆ ಇನ್ನೂ ಕೆಟ್ಟದು. ಬೇರೆಬೇರೆ ಲೋಹಗಳ ಲವಣಗಳು ಜ್ವಾಲೆಗೆ ಬೇರೆಬೇರೆ ಬಣ್ಣ ಕೊಡುವುದನ್ನು ತೋರಿಸಲು, ಲವಣದ ಬಟ್ಟಲುಗಳಿಗೆ ಮೆಥನಾಲ್ ಹಾಕಿ ಹಚ್ಚುವ ಪ್ರದರ್ಶನವೊಂದಿದೆ. ನೋಡಲು ಕಾಮನಬಿಲ್ಲು. ಮೆಥನಾಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿತು ಅಂದುಕೊಂಡು ಶಿಕ್ಷಕರು ದೊಡ್ಡ ಬಾಟಲಿಯಿಂದ ಮತ್ತೆ ಸುರಿಯುತ್ತಾರೆ. ಬೆಂಕಿ ಬಾಟಲಿಯೊಳಗೆ ಹೋಗುತ್ತದೆ, ಒಳಗಿನ ಆವಿ ಹೊತ್ತಿಕೊಂಡು ಉರಿಯುವ ದ್ರವವನ್ನು ಪಿಚಕಾರಿಯ ಹಾಗೆ ಹೊರಗೆ ಚಿಮ್ಮಿಸುತ್ತದೆ. ಎದುರಿಗೆ ಕೂತ ಮಕ್ಕಳು ಸುಟ್ಟುಕೊಂಡ ಘಟನೆಗಳು ಒಂದಾದ ಮೇಲೊಂದು ನಡೆದವು. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2014ರಲ್ಲಿ ಇಂಥ ಪ್ರದರ್ಶನಗಳ ಬಗ್ಗೆಯೇ ಎಚ್ಚರಿಕೆಯ ಪಾಠಗಳನ್ನು ಪ್ರಕಟಿಸಿತು. ಬೇಸರದ ಸಂಗತಿ ಏನೆಂದರೆ, ಇದೇ ಬಣ್ಣಗಳನ್ನು ಲವಣದ ನೀರಿನಲ್ಲಿ ನೆನೆಸಿದ ಮರದ ಕಡ್ಡಿಗಳನ್ನು ಬರ್ನರ್ ಜ್ವಾಲೆಗೆ ಹಿಡಿದು ತೋರಿಸಬಹುದು. ಬಣ್ಣ ಅದೇ, ಪಾಠ ಅದೇ, ಮೆಥನಾಲ್ ಬೇಕಾಗಿಯೇ ಇಲ್ಲ. ಮೇಲೆ ಹೇಳಿದ ಕ್ರಮದಲ್ಲಿ ಕನ್ನಡಕ ಯಾಕೆ ಕೊನೆ, "ಇದು ಬೇಕಾ?" ಯಾಕೆ ಮೊದಲು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬನ್ಸನ್ ಬರ್ನರ್‌ಗೆ ಬಂದರೆ, ಮೊದಲು ಬೆಂಕಿಕಡ್ಡಿ ಗೀರಿ ಆಮೇಲೆ ಗ್ಯಾಸ್ ತಿರುಗಿಸಬೇಕು. ಉಲ್ಟಾ ಮಾಡಿದರೆ ಕಡ್ಡಿ ಹುಡುಕುವಷ್ಟರಲ್ಲಿ ಗ್ಯಾಸ್ ಸುತ್ತ ಸೇರಿರುತ್ತದೆ. ಗಾಳಿಯ ತೂತು ಮುಚ್ಚಿದಾಗ ಬರುವ ಹಳದಿ ಜ್ವಾಲೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ತೂತು ತೆರೆದಾಗ ಬರುವ ನೀಲಿ ಜ್ವಾಲೆ ಹೆಚ್ಚು ಬಿಸಿ, ಆದರೆ ಬೆಳಕಿನಲ್ಲಿ ಕಾಣುವುದು ಕಷ್ಟ. ಕೆಲಸದ ನಡುವೆ ಸ್ವಲ್ಪ ಹೊತ್ತು ಬಿಡುವಿದ್ದರೆ ಹಳದಿಗೆ ತಿರುಗಿಸಿಡಬೇಕು.

ಜಲಜನಕದ "ಪಟ್" ಶಬ್ದದ ಪರೀಕ್ಷೆ ಮಕ್ಕಳಿಗೆ ಬಹಳ ಇಷ್ಟ. ಗಾಳಿಯಲ್ಲಿ ಜಲಜನಕ 4ರಿಂದ 75 ಶೇಕಡಾ ಇದ್ದರೆ ಆ ಮಿಶ್ರಣ ಹತ್ತಿಕೊಳ್ಳುತ್ತದೆ. ಇಷ್ಟು ಅಗಲವಾದ ವ್ಯಾಪ್ತಿ ಇರುವ ಅನಿಲಗಳು ಕಡಿಮೆ. ಸಣ್ಣ ಪ್ರನಾಳದಲ್ಲಿ ಆದರೆ ಬರೀ ಶಬ್ದ. ಅನಿಲ ತಯಾರಾಗುತ್ತಿರುವ ಫ್ಲಾಸ್ಕಿನ ನಳಿಗೆಯ ತುದಿಗೇ ಕಡ್ಡಿ ಹಿಡಿದರೆ ಜ್ವಾಲೆ ಒಳಗೆ ಓಡಿ ಫ್ಲಾಸ್ಕೇ ಒಡೆಯುತ್ತದೆ, ಯಾಕಂದರೆ ಶುರುವಿನಲ್ಲಿ ಫ್ಲಾಸ್ಕಿನೊಳಗೆ ಇರುವುದು ಗಾಳಿ ಬೆರೆತ ಜಲಜನಕ. ಅನಿಲವನ್ನು ಬೇರೆ ಪ್ರನಾಳದಲ್ಲಿ ಹಿಡಿದು, ದೂರ ಒಯ್ದು, ಅಲ್ಲಿ ಪರೀಕ್ಷಿಸಬೇಕು.

ಬೆಂಕಿ ಹತ್ತಿದರೆ? ಬೀಕರಿನೊಳಗೆ ಸ್ಪಿರಿಟ್ ಹತ್ತಿಕೊಂಡರೆ ಮೇಲೆ ಒಂದು ಗಾಜಿನ ತಟ್ಟೆಯನ್ನೋ ಒದ್ದೆ ಬಟ್ಟೆಯನ್ನೋ ಮುಚ್ಚಿದರೆ ಸಾಕು, ಆರುತ್ತದೆ. ಗಾಬರಿಯಲ್ಲಿ ಎತ್ತಿಕೊಂಡು ಓಡುವುದೇ ದೊಡ್ಡ ತಪ್ಪು. ಮೆಗ್ನೀಸಿಯಂ ಬೆಂಕಿಗೆ ನೀರೂ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಆ ಲೋಹ ಕಾರ್ಬನ್ ಡೈಆಕ್ಸೈಡಿನಿಂದಲೇ ಆಮ್ಲಜನಕ ಕಿತ್ತುಕೊಂಡು ಉರಿಯುತ್ತದೆ. ಒಣ ಮರಳೇ ಗತಿ. ಬಟ್ಟೆಗೆ ಹತ್ತಿದರೆ ಓಡಬಾರದು. ನಿಂತ ಮೈಯಲ್ಲಿ ಜ್ವಾಲೆ ಮುಖದ ಕಡೆ ಏರುತ್ತದೆ, ಓಡಿದರೆ ಗಾಳಿ ಸಿಗುತ್ತದೆ. ನೆಲಕ್ಕೆ ಬಿದ್ದು ಹೊರಳಬೇಕು, ಇತರರು ದಪ್ಪ ಕಂಬಳಿ ಹೊದಿಸಬೇಕು. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಬೆಣ್ಣೆ ಬೇಡ.

ಗಾಜು ಸುಳ್ಳು ಹೇಳುತ್ತದೆ

ಬಹಳ ಕಾದ ಕಬ್ಬಿಣ ಕೆಂಪಾಗಿ ಎಚ್ಚರಿಸುತ್ತದೆ. 300 ಡಿಗ್ರಿಯ ಗಾಜು ತಣ್ಣನೆಯ ಗಾಜಿನ ಹಾಗೇ ಕಾಣುತ್ತದೆ. ಲ್ಯಾಬಿನ ಸಣ್ಣಪುಟ್ಟ ಸುಟ್ಟಗಾಯಗಳಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮುಟ್ಟುವ ಮುಂಚೆ ಅಂಗೈಯ ಹಿಂಬದಿಯನ್ನು ಹತ್ತಿರ ತಂದು ನೋಡಬೇಕು, ಮುಟ್ಟದೆಯೇ ಬಿಸಿ ತಿಳಿಯುತ್ತದೆ. ಬಿಸಿ ಗಾಜನ್ನು ಇಡಲು ಮೇಜಿನ ಮೇಲೆ ಒಂದೇ ಜಾಗ ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು.

ಪ್ರನಾಳವನ್ನು ಓರೆಯಾಗಿ ಹಿಡಿದು, ಬಾಯಿ ಯಾರ ಕಡೆಗೂ ಇಲ್ಲದ ಹಾಗೆ, ಅಲುಗಾಡಿಸುತ್ತಾ ಕಾಯಿಸಿ ಅನ್ನುತ್ತಾರೆ. ಯಾಕೆ? ನುಣುಪಾದ ಗಾಜಿನೊಳಗೆ ದ್ರವಕ್ಕೆ ಗುಳ್ಳೆ ಏಳಲು ಆಸರೆ ಸಿಗುವುದಿಲ್ಲ. ಕುದಿಯುವ ಬಿಸಿ ದಾಟಿದರೂ ಸುಮ್ನೆ ಕೂತಿರುತ್ತದೆ. ಆಮೇಲೆ ತಳದಲ್ಲಿ ಒಂದು ಗುಳ್ಳೆ ಹುಟ್ಟಿದ್ದೇ ತಡ, ಮೇಲಿನ ಅಷ್ಟೂ ದ್ರವವನ್ನು ಹೊರಗೆ ತಳ್ಳಿಬಿಡುತ್ತದೆ. ಅಲುಗಾಡಿಸಿದರೆ ಶಾಖ ಹಂಚಿಹೋಗುತ್ತದೆ. ಓರೆಯಾಗಿ ಹಿಡಿದರೆ ಗುಳ್ಳೆಗೆ ಜಾಗ ಸಿಗುತ್ತದೆ. ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ತುಂಬದಿದ್ದರೆ ಚಿಮ್ಮಲು ಜಾಸ್ತಿ ಏನೂ ಇರುವುದಿಲ್ಲ.

ಅನಿಲವನ್ನು ನೀರಿನಡಿ ಸಂಗ್ರಹಿಸುವ ಪ್ರಯೋಗದಲ್ಲಿ ಕೊನೆಯ ಹೆಜ್ಜೆಯೇ ಗಂಡಾಂತರದ್ದು. ಆಮ್ಲಜನಕ ತಯಾರಿಸಿ ಮುಗಿಯಿತು, ಬರ್ನರ್ ಆರಿಸಿದಿರಿ ಅನ್ನಿ. ಪ್ರನಾಳದೊಳಗಿನ ಅನಿಲ ತಣ್ಣಗಾಗಿ ಕುಗ್ಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿಯ ಒತ್ತಡ ತೊಟ್ಟಿಯ ನೀರನ್ನು ಅನಿಲ ಸಾಗಿಸುವ ಡೆಲಿವರಿ ಟ್ಯೂಬಿನ ಮೂಲಕ ಒಳಗೆ ದೂಡುತ್ತದೆ. ತಣ್ಣೀರು ಕಾದ ಗಾಜನ್ನು ಮುಟ್ಟಿದ ಕೂಡಲೇ ಪ್ರನಾಳ ಚೂರು. ಅದಕ್ಕೇ ಮೊದಲು ಟ್ಯೂಬನ್ನು ನೀರಿನಿಂದ ಹೊರಗೆ ತೆಗೆಯಬೇಕು, ಆಮೇಲೆ ಬೆಂಕಿ ತೆಗೆಯಬೇಕು. ಬಾಯಿಪಾಠ ಮಾಡಿದರೆ ಇದು ತಿರುವುಮುರುವಾಗುವ ಸಾಧ್ಯತೆ ಅರ್ಧಕ್ಕರ್ಧ. ಒತ್ತಡದ ಲೆಕ್ಕ ಗೊತ್ತಿದ್ದರೆ ತಪ್ಪುವುದೇ ಇಲ್ಲ.

ಬಿರಡೆಯ ತೂತಿಗೆ ಗಾಜಿನ ನಳಿಗೆ ತೂರಿಸುವಾಗ ಅಂಗೈ ಸೀಳಿಕೊಂಡವರು ಬಹಳ ಜನ. ನಳಿಗೆಗೆ ನೀರನ್ನೋ ಗ್ಲಿಸರಿನ್ ಅನ್ನೋ ಸವರಿ, ಬಟ್ಟೆ ಸುತ್ತಿ, ಬಿರಡೆಗೆ ತೀರಾ ಹತ್ತಿರ ಹಿಡಿದು, ತಿರುಗಿಸುತ್ತಾ ನಿಧಾನಕ್ಕೆ ತಳ್ಳಬೇಕು. ದೂರ ಹಿಡಿದು ತಳ್ಳಿದರೆ ಗಾಜು ಸನ್ನೆಗೋಲಾಗಿ ನಡುವೆ ಮುರಿಯುತ್ತದೆ.

ಮೂಗು, ಬಾಯಿ, ಕೈ

ಸ್ಯಾಕರಿನ್ ಸಿಹಿ ಅಂತ ಗೊತ್ತಾದದ್ದು 1879ರ ಸುಮಾರಿಗೆ. ಕಾನ್‌ಸ್ಟಂಟಿನ್ ಫಾಲ್ಬರ್ಗ್ ಅನ್ನುವ ರಸಾಯನಶಾಸ್ತ್ರಜ್ಞ ಲ್ಯಾಬಿನ ಕೆಲಸ ಮುಗಿಸಿ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತರು, ಬ್ರೆಡ್ ಸಿಹಿಯಾಗಿತ್ತು. ಇದನ್ನು ಅದೃಷ್ಟದ ಕಥೆ ಅಂತ ಹೇಳುತ್ತಾರೆ. ಇನ್ನೊಂದು ಕಡೆಯಿಂದ ನೋಡಿ: ದಿನವಿಡೀ ಮುಟ್ಟಿದ ರಾಸಾಯನಿಕ ಆ ಮನುಷ್ಯನ ಹೊಟ್ಟೆಗೆ ಹೋಯಿತು. ಅದು ಸ್ಯಾಕರಿನ್ ಆಗಿದ್ದಕ್ಕೆ ಕಥೆ ಉಳಿಯಿತು. ಲ್ಯಾಬಿನಿಂದ ಹೊರಡುವಾಗ ಕೈ ತೊಳೆಯುವುದು, ಲ್ಯಾಬಿನೊಳಗೆ ಏನೂ ತಿನ್ನದಿರುವುದು, ಪಿಪೆಟ್ಟನ್ನು ಬಾಯಿಂದ ಎಳೆಯದೆ ರಬ್ಬರ್ ಬಲ್ಬ್ ಬಳಸುವುದು, ಎಲ್ಲದಕ್ಕೂ ಕಾರಣ ಒಂದೇ. ವಾಸನೆ ನೋಡಲೇಬೇಕಾದರೆ ಮೂಗನ್ನು ಪ್ರನಾಳದ ಹತ್ತಿರ ಒಯ್ಯಬಾರದು. ಕೈಯಿಂದ ಬೀಸಿ ಸ್ವಲ್ಪವೇ ಆವಿಯನ್ನು ಮೂಗಿನ ಕಡೆ ತರಬೇಕು.

ಗ್ಲೌಸ್ ಬಗ್ಗೆ ಒಂದು ಎಚ್ಚರಿಕೆ. ಕ್ಯಾರೆನ್ ವೆಟರ್‌ಹಾನ್ ಅನ್ನುವ ರಸಾಯನಶಾಸ್ತ್ರದ ಪ್ರೊಫೆಸರ್ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ಅನ್ನುವ ಪಾದರಸದ ಸಂಯುಕ್ತದ ಜೊತೆ ಕೆಲಸ ಮಾಡುತ್ತಿದ್ದರು. ಕೈಗೆ ಲ್ಯಾಟೆಕ್ಸ್ ಗ್ಲೌಸ್ ಹಾಕಿದ್ದರು, ಆ ಕಾಲದ ನಿಯಮ ಪಾಲಿಸಿದ್ದರು. ಅದರ ಮೇಲೆ ಬಿದ್ದದ್ದು ಕೆಲವೇ ಹನಿ. ಆ ದ್ರವ ಕೆಲವು ಸೆಕೆಂಡುಗಳಲ್ಲೇ ಲ್ಯಾಟೆಕ್ಸ್ ದಾಟುತ್ತದೆ ಅಂತ ಆಮೇಲೆ ಪರೀಕ್ಷೆಯಿಂದ ತಿಳಿಯಿತು. 1997ರ ಜೂನ್‌ನಲ್ಲಿ ಅವರು ಪಾದರಸದ ವಿಷದಿಂದ ತೀರಿಕೊಂಡರು. ಇಂಥ ವಸ್ತು ಶಾಲೆಗೆ ಬರುವುದಿಲ್ಲ, ಹೆದರಬೇಕಿಲ್ಲ. ಆದರೆ ಯಾವ ಗ್ಲೌಸೂ ಎಲ್ಲವನ್ನೂ ತಡೆಯುವುದಿಲ್ಲ ಅನ್ನುವುದು ಶಾಲೆಗೂ ಅನ್ವಯಿಸುತ್ತದೆ. ಅಸಿಟೋನ್ ತೆಳ್ಳನೆಯ ನೈಟ್ರೈಲ್ ಗ್ಲೌಸಿನಿಂದ ಬೇಗ ಒಳಬರುತ್ತದೆ. ಬರ್ನರ್ ಹತ್ತಿರ ತೆಳ್ಳನೆಯ ಗ್ಲೌಸ್ ಕರಗಿ ಚರ್ಮಕ್ಕೆ ಅಂಟುತ್ತದೆ. ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲು, ಬಾಗಿಲು, ಮುಖ ಮುಟ್ಟಿದರೆ ಅದನ್ನು ಹಾಕಿ ಏನು ಬಂತು?

ವಿದ್ಯುತ್ತು, ಸೂಕ್ಷ್ಮಜೀವಿ

ಭೌತಶಾಸ್ತ್ರದ ಲ್ಯಾಬ್ ಸ್ವಚ್ಛವಾಗಿ ಕಾಣುತ್ತದೆ, ಹಾಗಾಗಿ ಎಚ್ಚರ ತಪ್ಪುತ್ತದೆ. ಮನೆಗೆ ಬರುವ ಕರೆಂಟಿನಲ್ಲಿ ಸುಮಾರು 10 ಮಿಲಿಆಂಪಿಯರ್ ದೇಹದ ಮೂಲಕ ಹರಿದರೆ ಸ್ನಾಯು ಬಿಗಿದು ತಂತಿಯನ್ನು ಬಿಡಲಾಗದ ಸ್ಥಿತಿ ಬರಬಹುದು. 100 ಮಿಲಿಆಂಪಿಯರ್ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಹಳೆಯ 40 ವಾಟಿನ ತಂತಿ ಬಲ್ಬೊಂದು ಇದಕ್ಕಿಂತ ಜಾಸ್ತಿ ಎಳೆಯುತ್ತದೆ. ಒದ್ದೆ ಚರ್ಮದ ತಡೆ ಒಣ ಚರ್ಮದ ತಡೆಗಿಂತ ಹತ್ತಾರು ಪಟ್ಟು ಕಡಿಮೆ, ಒದ್ದೆ ಕೈ ಬೇಡ ಅನ್ನುವುದು ಇದಕ್ಕೇ. ಮಕ್ಕಳ ಪ್ರಯೋಗಕ್ಕೆ ಬ್ಯಾಟರಿ ಸೆಲ್ಲುಗಳೇ ಸಾಕು. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಹಿಡಿದು ಎಳೆಯಬಾರದು, ಮೊದಲು ಮೇನ್ ಆಫ್ ಮಾಡಬೇಕು. ಮೇನ್ ಎಲ್ಲಿದೆ ಅನ್ನುವುದು ಪ್ರತಿ ಮಗುವಿಗೂ ಗೊತ್ತಿರಬೇಕು.

ಜೀವಶಾಸ್ತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದಾದರೆ 37 ಡಿಗ್ರಿಯಲ್ಲಿ ಬೆಳೆಸಬಾರದು. ಅದು ನಮ್ಮ ದೇಹದ ಬಿಸಿ, ನಮಗೆ ರೋಗ ತರುವ ಜೀವಿಗಳಿಗೆ ಇಷ್ಟವಾದದ್ದು. 25 ಡಿಗ್ರಿಯ ಆಸುಪಾಸು ಸಾಕು. ಬೆಳೆದ ತಟ್ಟೆಯ ಮುಚ್ಚಳ ತೆಗೆಯಬಾರದು. ಬಿಸಾಡುವ ಮೊದಲು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡಬೇಕು.

ಕಪಾಟಿನೊಳಗಿನ ನೆರೆಹೊರೆ

ಲ್ಯಾಬಿನಲ್ಲಿ ಯಾರೂ ಇಲ್ಲದಾಗಲೂ ಕೆಲಸ ಮಾಡುತ್ತಿರುವುದು ಕಪಾಟು. ಬಾಟಲಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವುದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಅದು ವೈರಿಗಳನ್ನು ಪಕ್ಕಪಕ್ಕ ಕೂರಿಸುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಪುಡಿಗೆ ಗ್ಲಿಸರಿನ್ ಸೋರಿದರೆ ಬೆಂಕಿಕಡ್ಡಿ ಇಲ್ಲದೆಯೇ ಸ್ವಲ್ಪ ಹೊತ್ತಿಗೆ ಹತ್ತಿಕೊಳ್ಳುತ್ತದೆ. ನೈಟ್ರಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಹೆಸರಿಗೆ ಆಮ್ಲಗಳೇ, ಆದರೆ ಒಂದು ಉರಿಸುವಂಥದ್ದು, ಇನ್ನೊಂದು ಉರಿಯುವಂಥದ್ದು. ಉರಿಯುವ ದ್ರವಗಳು ಒಂದು ಕಡೆ, ಉರಿಯಲು ಆಮ್ಲಜನಕ ಒದಗಿಸುವವು ಇನ್ನೊಂದು ಕಡೆ, ಆಮ್ಲಗಳು ಕೆಳಗಿನ ತಟ್ಟೆಯಲ್ಲಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಸೋಡಿಯಂ ಸೀಮೆಎಣ್ಣೆಯೊಳಗೆ, ಯಾಕಂದರೆ ಅದಕ್ಕೆ ಗಾಳಿಯ ತೇವವೂ ಆಗದು. ಬಿಳಿ ರಂಜಕ (ಫಾಸ್ಫರಸ್) ನೀರೊಳಗೆ, ಯಾಕಂದರೆ 30 ಡಿಗ್ರಿಯ ಆಸುಪಾಸಿನಲ್ಲಿ ಅದು ಗಾಳಿಯಲ್ಲೇ ಹೊತ್ತಿಕೊಳ್ಳುತ್ತದೆ. ಬಿಳಿ ರಂಜಕ ಶಾಲೆಯಲ್ಲಿ ಇರಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಬಾಟಲಿಯ ಮೇಲಿನ ಕೆಂಪು ಅಂಚಿನ ಚೌಕಗಳನ್ನು ಓದಲು ಕಲಿಯುವುದಕ್ಕೆ ಅರ್ಧ ಗಂಟೆ ಸಾಕು. ವಿಶ್ವಸಂಸ್ಥೆ 2003ರಲ್ಲಿ ಹೊರತಂದ ವ್ಯವಸ್ಥೆ ಅದು, ಒಟ್ಟು ಒಂಬತ್ತು ಚಿತ್ರಗಳು. ಬರೀ ಜ್ವಾಲೆ ಇದ್ದರೆ ತಾನೇ ಉರಿಯುತ್ತದೆ. ವೃತ್ತದ ಮೇಲೆ ಜ್ವಾಲೆ ಇದ್ದರೆ ಬೇರೆಯದನ್ನು ಉರಿಸುತ್ತದೆ. ಈ ಎರಡನ್ನು ಗುರುತಿಸಿದರೆ ಕಪಾಟು ಜೋಡಿಸುವ ಅರ್ಧ ಕೆಲಸ ಬಂತು.

ಹಳೆಯ ಬಾಟಲಿಗಳದ್ದು ಬೇರೆಯೇ ಸಮಸ್ಯೆ. ಡೈನೈಟ್ರೋಫಿನೈಲ್ ಹೈಡ್ರಜೀನ್ ಅನ್ನುವ ಕಾಲೇಜು ಮಟ್ಟದ ರಾಸಾಯನಿಕವನ್ನು ತೇವವಾಗಿಯೇ ಇಡಬೇಕು. ಒಣಗಿದರೆ ಉಜ್ಜಿದರೂ ಸಿಡಿಯಬಹುದು. 2016ರಲ್ಲಿ ಬ್ರಿಟನ್ನಿನ ಹಲವು ಶಾಲೆಗಳಿಗೆ ಇದನ್ನು ತೆಗೆಯಲು ಬಾಂಬ್ ನಿಷ್ಕ್ರಿಯಗೊಳಿಸುವ ತಂಡಗಳೇ ಬರಬೇಕಾಯಿತು. ಪಿಕ್ರಿಕ್ ಆಮ್ಲವೂ ಅಷ್ಟೇ. ಹಳೆಯ ಕಪಾಟಿನಲ್ಲಿ ಇವು ಒಣಗಿ ಕಂಡರೆ ಮುಚ್ಚಳ ತಿರುಗಿಸಿ ನೋಡಬಾರದು. ಬಾಗಿಲು ಹಾಕಿ, ತಿಳಿದವರನ್ನು ಕರೆಯಬೇಕು.

ಉಳಿದ ರಾಸಾಯನಿಕವನ್ನು ಮೂಲ ಬಾಟಲಿಗೆ ವಾಪಸ್ ಹಾಕಬಾರದು. ಒಂದು ಹನಿ ಕಲಬೆರಕೆಯಿಂದ ಇಡೀ ಬಾಟಲಿ ಕೆಡುತ್ತದೆ, ಮುಂದಿನ ತರಗತಿಯ ಪ್ರಯೋಗ ಯಾಕೆ ತಪ್ಪಿತು ಅಂತ ಯಾರಿಗೂ ತಿಳಿಯುವುದಿಲ್ಲ. ಎಲ್ಲ ಕಸವನ್ನೂ ಒಂದೇ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚುವುದು ಅದಕ್ಕಿಂತ ಕೆಟ್ಟದ್ದು. ನೈಟ್ರಿಕ್ ಆಮ್ಲದ ಕಸಕ್ಕೆ ಆಲ್ಕೊಹಾಲ್ ಸೇರಿದರೆ ನಿಧಾನವಾಗಿ ಅನಿಲ ಹುಟ್ಟಿ ಡಬ್ಬಿ ಒಡೆಯುತ್ತದೆ, ಅದೂ ಎಷ್ಟೋ ಹೊತ್ತಿನ ಮೇಲೆ, ಯಾರೂ ನಿರೀಕ್ಷಿಸದಾಗ.

ಒಡೆದದ್ದನ್ನು ಹೇಳುವ ಧೈರ್ಯ

ಗಾಜು ಒಡೆದರೆ ದಂಡ ಹಾಕುವ ಕಡೆ, ಒಡೆದ ಸುದ್ದಿ ಶಿಕ್ಷಕರಿಗೆ ತಲುಪುವುದೇ ಇಲ್ಲ. ಚೂರುಗಳು ಸಿಂಕಿನೊಳಗೆ, ಕಸದ ಬುಟ್ಟಿಯ ಕಾಗದಗಳ ನಡುವೆ ಅಡಗುತ್ತವೆ. ತೊಳೆಯಲು ಬಂದವರ ಕೈ ಸೀಳುತ್ತದೆ. ಪಾದರಸದ ಥರ್ಮಾಮೀಟರ್ ಆದರಂತೂ ಸುದ್ದಿ ಮುಚ್ಚಿಟ್ಟದ್ದೇ ದೊಡ್ಡ ನಷ್ಟ. ನೆಲದ ಸಂದಿಗೆ ಸೇರಿದ ಹನಿಗಳು ಬಣ್ಣ, ವಾಸನೆ ಏನೂ ಇಲ್ಲದ ಆವಿಯನ್ನು ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತವೆ, ಪ್ರತಿ ತರಗತಿಯೂ ಅದನ್ನು ಉಸಿರಾಡುತ್ತದೆ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟ ಒಪ್ಪಂದ 2017ರಿಂದ ಜಾರಿಯಲ್ಲಿದೆ. ಆಲ್ಕೊಹಾಲಿನ ಥರ್ಮಾಮೀಟರ್, ಡಿಜಿಟಲ್ ಥರ್ಮಾಮೀಟರ್ ಶಾಲೆಯ ಬಹುತೇಕ ಕೆಲಸಕ್ಕೆ ಸಾಕು.

ಹಳೆಯದು ಇದ್ದು, ಒಡೆದೇ ಹೋದರೆ ಹೀಗೆ ಮಾಡಬೇಕು. ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಬೇಕು. ಪೊರಕೆ ಹಿಡಿಯಬಾರದು, ಹನಿಗಳು ಇನ್ನೂ ಸಣ್ಣಗಾಗಿ ಹರಡುತ್ತವೆ. ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು, ಅದು ಆವಿಯನ್ನು ಕೋಣೆ ತುಂಬ ಊದುತ್ತದೆ. ಗ್ಲೌಸ್ ಹಾಕಿಕೊಂಡು, ಗಟ್ಟಿ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಟ್ಟುಗೂಡಿಸಿ, ಡ್ರಾಪರ್‌ನಿಂದ ಎತ್ತಿ, ಮುಚ್ಚಳ ಇರುವ ಬಾಟಲಿಗೆ ಹಾಕಿ ಮೇಲೆ ಸ್ವಲ್ಪ ನೀರು ನಿಲ್ಲಿಸಬೇಕು. ಕೈಗೆ ಸಿಗದ ಸಂದಿಗಳಿಗೆ ಗಂಧಕದ ಪುಡಿ ಉದುರಿಸಬಹುದು. ಬಾಟಲಿಗೆ ಹೆಸರು, ತಾರೀಕು ಬರೆದು ಅಂಟಿಸಬೇಕು. ಸಿಂಕಿಗೂ ಕಸಕ್ಕೂ ಹಾಕದೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವವರೆಗೆ ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು.